ಸವಳಿಗೆ ಸದ್ದಿಲ್ಲ

ಬೇಸಿಗೆಯಲ್ಲಿ ಸಿಂಧನೂರಿನಿಂದ ಮಾನ್ವಿ ಕಡೆಗೆ ಹೋಗುವವರು ರಸ್ತೆಯ ಎರಡೂ ಬದಿಯ ಗದ್ದೆಗಳನ್ನು ಒಮ್ಮೆ ನಿಂತು ನೋಡಬೇಕು. ಕೊಯ್ಲು ಮುಗಿದು ನೀರು ಆರಿದ ಮೇಲೆ ಬದುಗಳ ಅಂಚಿನಲ್ಲಿ, ತಗ್ಗಿನ ಮೂಲೆಗಳಲ್ಲಿ ಬೆಳ್ಳನೆಯ ಪದರವೊಂದು ಕೂತಿರುತ್ತದೆ. ಬೆರಳಿನಿಂದ ಉಜ್ಜಿದರೆ ಪುಡಿ, ನಾಲಿಗೆಗೆ ತಾಗಿಸಿದರೆ ಉಪ್ಪು. ಮೊದಲ ಮಳೆಗೆ ಅದು ಕರಗಿ ಮರೆಯಾಗುತ್ತದೆ. ಕಾಲುವೆಗೆ ನೀರು ಬಿಟ್ಟ ಮೇಲಂತೂ ಯಾರಿಗೂ ನೆನಪಿರುವುದಿಲ್ಲ. ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಇನ್ನಷ್ಟು ಅಗಲವಾಗಿ ಮೂಡುತ್ತದೆ. ಕೇಳಿದರೆ ‘ಏ, ಅದು ಮೊದಲಿಂದನೂ ಐತಿ ಬಿಡ್ರಿ’ ಎನ್ನುತ್ತಾರೆ. ಈ ಮಾತು ನಿಜವಲ್ಲ. ಮೊದಲು ಅದು ನೆಲದ ಆಳದಲ್ಲಿತ್ತು, ಮೇಲೆ ಇರಲಿಲ್ಲ.

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಶಾಸನಗಳು ಎಡೆದೊರೆ ನಾಡು ಎಂದು ಕರೆದ ಈ ಸೀಮೆಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ. ಅದಕ್ಕೂ ಬಹು ಹಿಂದೆ ಅಶೋಕನ ಆಳ್ವಿಕೆ ಇಲ್ಲಿಯವರೆಗೆ ಚಾಚಿತ್ತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆಶಾಸನದಲ್ಲಿ ಅವನ ಹೆಸರೇ ಇದೆ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ. ಆದರೆ ಇಲ್ಲಿನ ಜನರನ್ನು ಸಾಕಿದ್ದು ಚಿನ್ನವಲ್ಲ, ಎರೆಭೂಮಿ. ಮಳೆ ಕಡಿಮೆ, ಬಿದ್ದಷ್ಟನ್ನು ಕಪ್ಪು ಮಣ್ಣು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಟ್ಟು ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ ಬೆಳೆಸುತ್ತಿತ್ತು. ಬರ ಬಿದ್ದಾಗ ಜನ ಗುಳೆ ಹೋದರು, ದನಗಳು ಸತ್ತವು. ಆದರೆ ಬರ ಮಣ್ಣನ್ನು ಕೆಡಿಸಲಿಲ್ಲ. ಮಳೆ ಬಂದ ವರ್ಷ ಅದೇ ಹೊಲ ಮತ್ತೆ ತೆನೆ ಕೊಟ್ಟಿತು.

ಆ ಬರದ ನೆನಪಿನಿಂದಲೇ ತುಂಗಭದ್ರಾ ಅಣೆಕಟ್ಟು ಎದ್ದಿತು. ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಕೂಡಿ 1945ರಲ್ಲಿ ಅಡಿಗಲ್ಲು ಹಾಕಿದವು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಅದನ್ನು ಯೋಜಿಸಿದವರ ಲೆಕ್ಕ ಸ್ಪಷ್ಟವಾಗಿತ್ತು: ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹಂಚಬೇಕು, ಜೋಳ, ಹತ್ತಿ, ಶೇಂಗಾದಂಥ ಅರೆಖುಷ್ಕಿ ಬೆಳೆಗಳನ್ನು ಬರದಿಂದ ಉಳಿಸಬೇಕು, ಭತ್ತಕ್ಕೆ ಸ್ವಲ್ಪ ಭಾಗ ಮಾತ್ರ. ಆ ಲೆಕ್ಕ ಉಳಿಯಲಿಲ್ಲ. ಆಂಧ್ರದ ಕರಾವಳಿಯಿಂದ ಬಂದ ಶ್ರಮಜೀವಿಗಳು ಕ್ಯಾಂಪ್‌ಗಳನ್ನು ಕಟ್ಟಿಕೊಂಡು, ಏರುತಗ್ಗಿನ ಹೊಲಗಳನ್ನು ಮಟ್ಟ ಮಾಡಿ ನೆಲ್ಲು ಬೆಳೆದರು. ಸ್ಥಳೀಯರೂ ಕಲಿತರು. ಸೋನಾ ಮಸೂರಿಯಿಂದ ಅಕ್ಕಿ ಗಿರಣಿಗಳು ಬಂದವು, ಪಕ್ಕಾ ಮನೆಗಳು ಎದ್ದವು, ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದರು. ಗುಳೆ ಹೋಗುತ್ತಿದ್ದ ಊರುಗಳಿಗೆ ಬೇರೆ ಊರಿನವರು ಕೂಲಿಗೆ ಬಂದರು. ಈ ಏಳಿಗೆಯನ್ನು ಹಗುರವಾಗಿ ಕಾಣುವ ಹಕ್ಕು ಹೊರಗೆ ಕೂತು ಬರೆಯುವ ಯಾರಿಗೂ ಇಲ್ಲ. ಅದು ಉಳಿಯಬೇಕೆಂಬ ಕಾಳಜಿಯಿಂದಲೇ ಈ ಮಾತು.

ಎರೆಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಮಳೆಯನ್ನು ನಂಬಿದ್ದಾಗ ವರವಾಗಿದ್ದ ಈ ಗುಣವೇ ವರ್ಷಕ್ಕೆ ಎರಡು ಬೆಳೆ ನೀರು ನಿಲ್ಲಿಸಿದಾಗ ಶಾಪವಾಗುತ್ತದೆ. ಬಸಿದು ಹೋಗಲಾರದ ನೀರು ನೆಲದೊಳಗೆ ಸೇರಿ ಅಂತರ್ಜಲದ ಮಟ್ಟ ಏರುತ್ತದೆ. ಬೇರಿನ ಹತ್ತಿರಕ್ಕೆ ಅದು ಬಂತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಬೇಸಿಗೆಯ ಬಿಸಿಲಿಗೆ ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಉಳಿಯುತ್ತದೆ. ಮೊದಲು ಜವಳು, ಆಮೇಲೆ ಸವಳು.

ಬಿಳಿ ಪದರ ಬರುವ ಮೊದಲೇ ನೆಲ ಹೇಳತೊಡಗಿರುತ್ತದೆ. ನಾಟಿ ಮಾಡಿದ ಗದ್ದೆಯ ನಡುವೆ ಒಂದಷ್ಟು ಜಾಗದಲ್ಲಿ ಸಸಿ ತೆಂಡೆ ಒಡೆಯದೆ ಹಳದಿಯಾಗಿ ನಿಲ್ಲುತ್ತದೆ. ರೈತ ಇನ್ನೊಂದು ಚೀಲ ಯೂರಿಯಾ ಹಾಕುತ್ತಾನೆ. ಮುಂದಿನ ಬೆಳೆಗೆ ಎರಡು. ಕುಡಿಯುತ್ತಿದ್ದ ಬಾವಿಯ ನೀರು ಸಪ್ಪೆಯಾಗಿ, ಆಮೇಲೆ ಉಪ್ಪಾಗಿ, ಪಾತ್ರೆ ತೊಳೆಯಲು ಮಾತ್ರ ಆಗುತ್ತದೆ. ಮನೆಯ ಗೋಡೆಯ ಬುಡದಲ್ಲಿ ಗಿಲಾವು ಉದುರುತ್ತದೆ. ಹಳ್ಳದಲ್ಲಿ ಆಪು ಬೆಳೆದು ಹರಿವು ನಿಲ್ಲುತ್ತದೆ. ನಿಂತ ಹಳ್ಳದ ಅಂಚನ್ನು ಯಾರೋ ಒತ್ತಿಕೊಂಡು ಎರಡು ಮಡಿ ಗದ್ದೆ ಮಾಡುತ್ತಾರೆ. ಕಡೆಗೆ ತಗ್ಗಿನ ಹೊಲವೊಂದನ್ನು ಬೀಳು ಬಿಡುತ್ತಾರೆ, ಅಲ್ಲಿ ಜಾಲಿ ಏಳುತ್ತದೆ. ಇವುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಒಂದೊಂದೂ ಸಣ್ಣ ತೊಂದರೆ. ಹೀಗೆ ಬೇರೆ ಬೇರೆಯಾಗಿ ನೋಡುವುದೇ ನಮ್ಮ ದೊಡ್ಡ ತಪ್ಪು.

ಇದು ಹಿಂದೆಯೂ ನಡೆದಿದೆ. ಪುಣೆ ಸೀಮೆಯ ನೀರಾ ಕಣಿವೆಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾಲುವೆ ಬಂತು, ಹಿಂದೆಯೇ ಕಬ್ಬು ಬಂತು. 1910ರ ಹೊತ್ತಿಗೆ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆ ಎಂಬ ಕೃಷಿ ವಿಜ್ಞಾನಿಗಳು ಅಲ್ಲಿನ ಸವಳು ಭೂಮಿಯನ್ನೇ ಕುರಿತು ವರದಿ ಬರೆಯಬೇಕಾಯಿತು. ನಮ್ಮ ಕೃಷ್ಣೆಯ ಮೇಲ್ಭಾಗದ ಅಥಣಿ, ಜಮಖಂಡಿ ಸೀಮೆಯಲ್ಲೂ ಕಬ್ಬಿನ ಹೊಲಗಳು ಇದೇ ದಾರಿ ಹಿಡಿದವು. ತುಂಗಭದ್ರೆಯ ಅಚ್ಚುಕಟ್ಟಿನಲ್ಲೂ ಈಗಾಗಲೇ ಹತ್ತಾರು ಸಾವಿರ ಹೆಕ್ಟೇರ್ ಸವಳು–ಜವಳಿಗೆ ಸಿಕ್ಕಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಬಗ್ಗೆ ವರ್ಷಗಳಿಂದ ಹೇಳುತ್ತಲೇ ಬಂದಿದೆ. ತಿಳಿವಳಿಕೆಗೆ ಕೊರತೆಯಿಲ್ಲ, ಕೇಳುವ ಕಿವಿಗಳಿಗೆ ಇದೆ.

ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆ ನೀರು ಹೆಚ್ಚಾಗಿ ಕೆಡುತ್ತಿರುವಾಗ ಕೊನೆ ಭಾಗದ ರೈತರು 104ನೇ ಮೈಲಿನಲ್ಲಿ ನಿಗದಿತ ನೀರಿನ ಮಟ್ಟಕ್ಕಾಗಿ ಪ್ರತಿವರ್ಷ ರಸ್ತೆ ತಡೆ ಮಾಡುತ್ತಾರೆ. ಒಂದೇ ನೀರು, ಒಂದು ಕಡೆ ಹೊಲ ಕೊಳೆಸುತ್ತದೆ, ಇನ್ನೊಂದು ಕಡೆ ಬೆಳೆ ಒಣಗಿಸುತ್ತದೆ. ಹಂಚುವ ನೀರೂ ಕುಗ್ಗಿದೆ: 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನಾಡೇ ಎದ್ದು ಕೂತಿತು. ಮಂತ್ರಿಗಳು ಬಂದರು, ತಜ್ಞರು ಬಂದರು, ಕೆಲವೇ ದಿನಗಳಲ್ಲಿ ತಾತ್ಕಾಲಿಕ ಗೇಟ್ ಕೂತಿತು. ಸಂಕಟ ಕಣ್ಣೆದುರು ನಿಂತರೆ ನಾವು ಕೆಲಸ ಮಾಡಬಲ್ಲೆವು ಎಂಬುದಕ್ಕೆ ಇದೇ ಸಾಕ್ಷಿ. ಸವಳು ಹಾಗೆ ರಾತ್ರೋರಾತ್ರಿ ಬರುವುದಿಲ್ಲ.

ಈ ವರ್ಷ ಇಳುವರಿ ಬಂತಲ್ಲ ಎಂದು ರೈತ ಸುಮ್ಮನಾಗುತ್ತಾನೆ. ಕಾಲುವೆಯ ಕೊನೆಗೆ ನೀರು ಮುಟ್ಟಿತಲ್ಲ ಎಂದು ಅಧಿಕಾರಿ ಸುಮ್ಮನಾಗುತ್ತಾನೆ. ಎರಡನೇ ಬೆಳೆಗೆ ನೀರು ಕೊಡಿಸಿದೆನಲ್ಲ ಎಂದು ಜನಪ್ರತಿನಿಧಿ ಬೆನ್ನು ತಟ್ಟಿಕೊಳ್ಳುತ್ತಾನೆ. ಈ ಮೂವರ ನೆಮ್ಮದಿಯಷ್ಟು ಅಪಾಯಕಾರಿ ಬೇರೊಂದಿಲ್ಲ.

ಕೆಟ್ಟ ನೆಲವನ್ನು ಮತ್ತೆ ಸರಿಪಡಿಸಬಹುದು. ನೆಲದಡಿ ತೂತಿನ ಕೊಳವೆ ಹೂಳಿ ಬಸಿಗಾಲುವೆ ಮಾಡಬಹುದು, ಹಸಿರೆಲೆ ಗೊಬ್ಬರ ಬೆಳೆಯಬಹುದು, ಅಗತ್ಯವಿದ್ದಲ್ಲಿ ಜಿಪ್ಸಂ ಹಾಕಬಹುದು. ಆದರೆ ಅದು ಒಬ್ಬ ರೈತನ ಕೈಯಲ್ಲಿ ಆಗುವ ಖರ್ಚಲ್ಲ. ಅವನ ಕೊಳವೆಯ ನೀರು ಹರಿದು ಹೋಗಲು ಊರಿನ ಹಳ್ಳ ತೆರೆದಿರಬೇಕು.

ಆದ್ದರಿಂದ ಹಳ್ಳ ಮೊದಲು. ಒತ್ತುವರಿಯೂ ಆಪೂ ತೆರವಾಗಲಿ. ನಾಟಿಯ ಬದಲು ಕೂರಿಗೆಯಿಂದ ಭತ್ತ ಬಿತ್ತುವವರಿಗೆ, ಒಂದು ಬೆಳೆ ಕಡಲೆಗೆ ಜೋಳಕ್ಕೆ ಮರಳುವವರಿಗೆ ಖಾತ್ರಿ ಬೆಲೆ ಸಿಗಲಿ. ಬೆಲೆಯಿಲ್ಲದೆ ಬುದ್ಧಿವಾದ ಹೇಳುವುದು ಅನ್ಯಾಯ.

ನೀರಾವರಿ ಸಲಹಾ ಸಮಿತಿ ಪ್ರತಿ ಹಂಗಾಮಿಗೆ ಎಷ್ಟು ನೀರು ಬಿಡಬೇಕೆಂದು ಚರ್ಚಿಸುತ್ತದೆ. ಎಷ್ಟು ನೀರು ಬಸಿದು ಹೋಗುತ್ತಿದೆ, ಎಷ್ಟು ಎಕರೆ ಬೀಳು ಬಿದ್ದಿದೆ ಎಂಬುದೂ ಮುಂದಿನ ಸಭೆಯ ಮೇಜಿನ ಮೇಲೆ ಬರಲಿ. ಅಚ್ಚುಕಟ್ಟಿನ ರೈತರು ಈ ಬೇಸಿಗೆಯಲ್ಲೇ ಮಣ್ಣು ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದೇ ಸಭೆಗೆ ಬರಲಿ.