ತಾರಸಿ ಹಾಕುವ ಮುನ್ನ ಒಂದು ಮಾತು

ಈ ವರ್ಷ ಮನೆ ಕಟ್ಟಲು ಹೊರಟಿರುವವರಲ್ಲಿ, ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟಿರುವವರಲ್ಲಿ, ಊರಿನ ಶಾಲೆಗೆ ಹೊಸ ಕೊಠಡಿ ಮಂಜೂರು ಮಾಡಿಸಿಕೊಂಡಿರುವ ಎಸ್‌ಡಿಎಂಸಿಯವರಲ್ಲಿ ನನ್ನದೊಂದು ವಿನಂತಿ. ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು, ತಾರಸಿ ಹಾಕಿ ಎಂದು ಮೇಸ್ತ್ರಿಗೆ ಹೇಳುವ ಮೊದಲು ಇದನ್ನೊಮ್ಮೆ ಓದಿ. ಆ ಕಟ್ಟಡಕ್ಕೆ ಮುಂದಿನ ಐವತ್ತು ವರ್ಷ ಎಷ್ಟು ತಂಪು ಬೇಕಾದೀತು ಎಂಬುದರ ಬಹುಪಾಲು, ಗೋಡೆ ಏಳುವಾಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಏಸಿ ಕೊಳ್ಳುವ ಮಾತು ಆಮೇಲಿನದು. ಈ ದಾರಿಯಲ್ಲಿ ಅಮೆರಿಕ ನಮಗಿಂತ ಬಹಳ ಮುಂದೆ ನಡೆದುಹೋಗಿದೆ. ಅಲ್ಲಿ ಏನಾಯಿತು ಎಂಬುದನ್ನು ನೋಡಿಕೊಂಡು ನಾವು ಹೆಜ್ಜೆ ಇಡುವುದು ಒಳ್ಳೆಯದು.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಕಾಗದ ತೇವಕ್ಕೆ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಆ ತೊಂದರೆ ನಿವಾರಿಸಲು ವಿಲ್ಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯಿಂದಲೇ ಇಂದಿನ ಏಸಿ ಬೆಳೆದು ಬಂತು. ಅದು ಮನೆಗಳಿಗೆ ಇಳಿಯಲು ಅರ್ಧ ಶತಮಾನ ಹಿಡಿಯಿತು. 1960ರ ಜನಗಣತಿಯಲ್ಲಿ ಏಸಿ ಇದ್ದ ಅಮೆರಿಕದ ಮನೆಗಳು ನೂರಕ್ಕೆ ಸುಮಾರು 12. 2020ರ ಹೊತ್ತಿಗೆ ನೂರಕ್ಕೆ 88. ಈ ಅವಧಿಯಲ್ಲಿ ಮನೆಯ ಸ್ವರೂಪವೇ ಬದಲಾಯಿತು. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳಿಗೆ ಎತ್ತರದ ಸೂರು, ಮುಂದೆ ಅಗಲವಾದ ಜಗಲಿ, ಗಾಳಿ ಹಾಯಲು ಎದುರುಬದುರು ಕಿಟಕಿ ಇರುತ್ತಿದ್ದವು. ಯಂತ್ರ ಬಂದ ಮೇಲೆ ಇವೆಲ್ಲ ದಂಡದ ಖರ್ಚು ಎನಿಸಿದವು. ಸೂರು ತಗ್ಗಿತು, ಜಗಲಿ ಹೋಯಿತು, ದೊಡ್ಡ ಕಟ್ಟಡಗಳಲ್ಲಿ ತೆರೆಯಲು ಬಾರದ ಗಾಜೇ ಕಿಟಕಿಯಾಯಿತು. ಹೂಸ್ಟನ್, ಫೀನಿಕ್ಸ್, ಲಾಸ್ ವೇಗಸ್ ಮಹಾನಗರಗಳಾದವು.

2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಗರಿಷ್ಠ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಆ ನಗರವಿರುವ ಮರಿಕೋಪ ಕೌಂಟಿಯಲ್ಲಿ ಆ ಒಂದೇ ವರ್ಷ ಶಾಖಕ್ಕೆ ಸಂಬಂಧಿಸಿದ ಸಾವುಗಳು 645. ಅಲ್ಲಿನ ಏಸಿಗಳು ಹೊರಗೆ ಸುರಿಯುವ ಬಿಸಿಯೇ ರಾತ್ರಿಯ ಉಷ್ಣಾಂಶವನ್ನು ಒಂದು ಡಿಗ್ರಿಗೂ ಹೆಚ್ಚು ಏರಿಸಬಲ್ಲದೆಂದು ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಒಳಗೆ ತಂಪು ಮಾಡಿಕೊಂಡಷ್ಟೂ ಬೀದಿ ಕಾಯುತ್ತದೆ, ಬೀದಿ ಕಾದಷ್ಟೂ ಒಳಗೆ ಇನ್ನಷ್ಟು ತಂಪು ಬೇಕಾಗುತ್ತದೆ. ಅಂಥ ಊರಿನಲ್ಲಿ ಕರೆಂಟು ಹೋದರೆ ಹೇಗಾದರೂ ದಿನ ದೂಡಬಹುದಾದ ಮನೆಗಳೂ ಈಗ ಹೆಚ್ಚು ಉಳಿದಿಲ್ಲ.

ಏಸಿ ಬೇಡ ಎನ್ನುವುದು ನನ್ನ ಮಾತಲ್ಲ. ಅಮೆರಿಕದಲ್ಲಿ ಕಡುಬಿಸಿಲ ದಿನಗಳ ಸಾವಿನ ಅಪಾಯ 1960ರ ನಂತರ ಮುಕ್ಕಾಲಿನಷ್ಟು ತಗ್ಗಿತು. ಅದಕ್ಕೆ ಮನೆಯ ಏಸಿಯೇ ಮುಖ್ಯ ಕಾರಣವೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ರಾಯಚೂರಿನ ಬಾಣಂತಿಗೆ, ಕಲಬುರಗಿಯ ಹೃದ್ರೋಗಿಗೆ ಏಪ್ರಿಲ್‌ನಲ್ಲಿ ತಂಪು ಕೋಣೆ ಬೇಕೇ ಬೇಕು. ಉಳ್ಳವರು ತಪ್ಪಾಗಿ ಕಟ್ಟಿದ ಮನೆಗಳು ವಿದ್ಯುತ್ತನ್ನೆಲ್ಲ ಕುಡಿದರೆ ಅವರ ಪಾಲಿಗೆ ಉಳಿಯುವುದೇನು ಎಂಬುದೇ ನನ್ನ ಚಿಂತೆ.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಂತೆ 2016ರಲ್ಲಿ ಕಟ್ಟಡಗಳನ್ನು ತಂಪಾಗಿಡಲು ಅಮೆರಿಕ ಬಳಸಿದ ವಿದ್ಯುತ್ತು ತಲೆಗೆ ಸುಮಾರು 1,900 ಯೂನಿಟ್. ನಾವು ಬಳಸಿದ್ದು 70. ಆದರೆ ಬಿಸಿಲು ಹೆಚ್ಚಿರುವುದು ನಮ್ಮಲ್ಲಿ. ಮುಂಬಯಿಯ ಜನ ಅಮೆರಿಕನ್ನರಂತೆ ಏಸಿ ಬಳಸಿದರೆ ಆ ಒಂದು ನಗರದ ಬೇಡಿಕೆಯೇ ಇಡೀ ಅಮೆರಿಕದ ಬೇಡಿಕೆಯ ಕಾಲುಭಾಗದ ಹತ್ತಿರ ಬರುತ್ತದೆಂದು ಮಿಶಿಗನ್ ವಿಶ್ವವಿದ್ಯಾಲಯದ ಮೈಕೆಲ್ ಸಿವಾಕ್ 2009ರಲ್ಲಿ ಅಂದಾಜಿಸಿದ್ದರು. ಈಗಿನ ಓಟ ಹೀಗೇ ಸಾಗಿದರೆ 2050ರಲ್ಲಿ ಭಾರತದ ಮನೆಗಳ ಏಸಿಗಳಿಗೆ ಬೇಕಾಗುವ ವಿದ್ಯುತ್ತು ಆಫ್ರಿಕಾ ಖಂಡ ಇಂದು ಎಲ್ಲದಕ್ಕೂ ಸೇರಿ ಬಳಸುವುದನ್ನು ಮೀರುತ್ತದೆ ಎನ್ನುತ್ತದೆ ಅದೇ ಇಂಧನ ಸಂಸ್ಥೆಯ 2023ರ ವರದಿ. 2024ರ ಮೇ 30ರಂದು, ಬಿಸಿಗಾಳಿಯ ನಡುವೆ, ದೇಶದ ವಿದ್ಯುತ್ ಬೇಡಿಕೆ 250 ಗಿಗಾವಾಟ್ ಮುಟ್ಟಿದ್ದನ್ನು ಕಂಡಿದ್ದೇವೆ.

ಆದರೂ ಆ ಅಂದಾಜುಗಳು ವಿಧಿಬರಹವಲ್ಲ. ಒಂದು ಊರಿಗೆ ಎಷ್ಟು ತಂಪು ಬೇಕೆಂದು ಅಳೆಯುವಾಗ ಅಮೆರಿಕದಲ್ಲಿ ದಿನದ ಸರಾಸರಿ ಉಷ್ಣಾಂಶ 18.3 ಡಿಗ್ರಿಯನ್ನು ಎಷ್ಟು ಮೀರಿದೆ ಎಂದು ನೋಡಿ, ಅದನ್ನು ವರ್ಷವಿಡೀ ಕೂಡುತ್ತಾರೆ. ಈ ಅಳತೆಯಲ್ಲಿ ಹೂಸ್ಟನ್‌ಗೆ 1,700-1,800 ಬಂದರೆ ಬೆಂಗಳೂರಿಗೆ 2,000 ದಾಟುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ಹೂಸ್ಟನ್‌ಗಿಂತ ಹೆಚ್ಚು ಏಸಿ ಬೇಕೆಂದು ಇಲ್ಲಿ ಬಾಳಿದವರು ಯಾರಾದರೂ ಒಪ್ಪುತ್ತಾರೆಯೇ? ನಮ್ಮ ಡಿಸೆಂಬರಿನ ಹಿತವಾದ ದಿನವೂ ಆ ಲೆಕ್ಕದಲ್ಲಿ ತಂಪು ಬೇಡುವ ದಿನವೇ. ಅದೇ ಲೆಕ್ಕವನ್ನು 24 ಡಿಗ್ರಿಯಿಂದ ಹಿಡಿದರೆ ಬೆಂಗಳೂರಿನ ಮೊತ್ತ ಕೆಲವು ನೂರಕ್ಕೆ ಇಳಿದು, ಬಹುಪಾಲು ಬೇಸಿಗೆಯ ತಿಂಗಳುಗಳಿಗೇ ಸೀಮಿತವಾಗುತ್ತದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿ ಐದು ನಗರಗಳ ಕಚೇರಿಗಳಲ್ಲಿ ಕೂತವರನ್ನೇ ವಿಚಾರಿಸಿದಾಗ, ಕಿಟಕಿ ತೆರೆದ ಕಟ್ಟಡಗಳಲ್ಲಿ ನಮ್ಮವರು ಹೊರದೇಶಗಳ ಮಾನದಂಡಕ್ಕಿಂತ ಹೆಚ್ಚಿನ ಉಷ್ಣಾಂಶದಲ್ಲೂ ಆರಾಮವಾಗಿರುತ್ತಾರೆಂದು ಗೊತ್ತಾಯಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಇದನ್ನು ಒಪ್ಪಿಕೊಂಡಿದೆ. ಹೀಗಿದ್ದೂ ಬೆಂಗಳೂರಿನ ರಸ್ತೆಗಳಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಗಾಜಿನ ಗೋಡೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಈ ಊರಿನ ಹವೆ ನಮಗೆ ಪುಕ್ಕಟೆ ಕೊಟ್ಟದ್ದನ್ನು ನಾವೇ ಗಾಜು ಹಾಕಿ ಹೊರಗಿಡುತ್ತಿದ್ದೇವೆ.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಪಾಡು ಬೇರೆ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯಿದೆ. ದಪ್ಪ ಮಣ್ಣು ಹಾಸಿದ ಹಳೆಯ ಮಾಳಿಗೆ ಮನೆಗಳಿಗೆ ಹಗಲಿನ ಬಿಸಿ ಒಳಗೆ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅವುಗಳ ಜಾಗದಲ್ಲಿ ಬಂದ ನಾಲ್ಕೈದು ಇಂಚಿನ ಆರ್‌ಸಿಸಿ ತಾರಸಿ ಮಧ್ಯಾಹ್ನ ರೊಟ್ಟಿ ಹಂಚಿನಂತೆ ಕಾದು, ನಡುರಾತ್ರಿಯವರೆಗೂ ಮಲಗಿದವರ ಮೇಲೆ ಬಿಸಿ ಕಾರುತ್ತದೆ. ತಗಡಿನ, ಸಿಮೆಂಟ್ ಶೀಟಿನ ಸೂರಿನಡಿ ಇರುವವರ ಪಾಡು ಇನ್ನೂ ಕಷ್ಟ. ಮಾಳಿಗೆಗೆ ಪ್ರತಿ ಮಳೆಗಾಲಕ್ಕೂ ಮಣ್ಣೆಳೆಯಬೇಕಿತ್ತು, ಹಾವು ಚೇಳಿನ ಭಯವಿತ್ತು. ಅದಕ್ಕೇ ಮರಳಿ ಎಂದು ಯಾರಿಗೂ ನಾನು ಹೇಳಲಾರೆ. ತಾರಸಿ ಹಾಕಿ, ಆದರೆ ಅದರ ಮೇಲೆ ಬಿಳಿ ಹೆಂಚಿನ ಚೂರೋ, ಬಿಸಿಲು ತಡೆಯುವ ಬಿಳಿ ಬಣ್ಣವೋ, ಏನೂ ಆಗದಿದ್ದರೆ ಪ್ರತಿ ಬೇಸಿಗೆಗೂ ಸುಣ್ಣವೋ ಇರಲಿ.

ಎಲ್ಲ ಕಡೆಯವರಿಗೂ ಹೇಳುವುದಿಷ್ಟು. ಪಶ್ಚಿಮದ ಗೋಡೆಯಲ್ಲಿ ದೊಡ್ಡ ಕಿಟಕಿ ಇಡಬೇಡಿ. ಅಲ್ಲಿ ಮೆಟ್ಟಿಲೋ ಬಚ್ಚಲೋ ಬರಲಿ. ಕಿಟಕಿಗೆ ಸಜ್ಜ ಉಳಿಸಿಕೊಳ್ಳಿ, ಚಂದಕ್ಕೆಂದು ಕತ್ತರಿಸಬೇಡಿ. ಮಲಗುವ ಕೋಣೆಗೆ ಎರಡು ಕಡೆಯಿಂದ ಗಾಳಿ ಬರಲಿ. ಮಣ್ಣಿನ ಸ್ಥಿರೀಕೃತ ಇಟ್ಟಿಗೆಯ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ಟ್ರ ದಶಕಗಳ ಕಾಲ ಕೆಲಸ ಮಾಡಿದೆ. ಅದನ್ನು ಬಲ್ಲ ಮೇಸ್ತ್ರಿಗಳು ನಮ್ಮ ನಡುವೆಯೇ ಇದ್ದಾರೆ. ಇಷ್ಟಾಗಿ ಏಸಿ ಬೇಕಾದರೆ ಹಾಕಿಸಿ. ಆದರೆ 26ಕ್ಕಿಟ್ಟು ಜೊತೆಗೆ ಫ್ಯಾನು ತಿರುಗಿಸಿ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುತ್ತದೆ.

ಅಪಾರ್ಟ್‌ಮೆಂಟ್ ಕೊಳ್ಳುವವರು ಬಿಲ್ಡರನ್ನು ಒಂದು ಪ್ರಶ್ನೆ ಕೇಳಿ. ಕೇಂದ್ರದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವಾಟ್ ಮೀರಬಾರದು. ನಿಮ್ಮ ಕಟ್ಟಡದ ಸಂಖ್ಯೆ ಎಷ್ಟು ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಉತ್ತರ ಸಿದ್ಧವಿರುತ್ತದೆ. ಅಮೆರಿಕದಲ್ಲಿದ್ದು ಮೈಸೂರಿನಲ್ಲೋ ದಾವಣಗೆರೆಯಲ್ಲೋ ಮನೆ ಕಟ್ಟಿಸುತ್ತಿರುವ ಕನ್ನಡಿಗರೇ, ಅಲ್ಲಿನ ಮನೆಯ ನಕ್ಷೆಯನ್ನು ಇಲ್ಲಿಗೆ ಕಳಿಸಬೇಡಿ. ಅದು ಬೇರೆ ಹವೆಗೆ, ಸದಾ ಚಾಲೂ ಇರುವ ಯಂತ್ರಕ್ಕೆ ಹೊಂದಿಸಿ ಬರೆದದ್ದು.

ಗ್ರಾಮಸಭೆ, ವಾರ್ಡ್ ಸಭೆಗಳಿಗೆ ಹೋಗುವವರಲ್ಲಿ ಕೊನೆಯ ಕೋರಿಕೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿ ತಂದು, ಸರ್ಕಾರಿ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ನಿಮ್ಮೂರಿನಲ್ಲಿ ಮುಂದೆ ಮಂಜೂರಾಗುವ ಆಶ್ರಯ ಮನೆ, ಅಂಗನವಾಡಿ, ಶಾಲಾ ಕೊಠಡಿಗಳ ಅಂದಾಜು ಪಟ್ಟಿ ಓದುವಾಗ, ತಾರಸಿಯ ಮೇಲಿನ ಬಿಳಿ ಹೊದಿಕೆಗೆ ಒಂದು ಸಾಲು ಸೇರಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ.