ಪೊವಾಯಿ ಕೆರೆಯ ಸಂರಕ್ಷಣಾರ್ಥವಾಗಿ ಮನವಿ ಪತ್ರ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರ ಸನ್ನಿಧಿಗೆ,
ಬೊರಿವಲಿ ನಿವಾಸಿಗಳಾದ ಕನ್ನಡಿಗರ ಸವಿನಯ ವಿಜ್ಞಾಪನೆ.

ಮಾನ್ಯರೇ,

ತುಲಸಿ ಕೆರೆಯ ಬಳಿ ಹುಟ್ಟುವ ದಹಿಸರ ನದಿಯು ನಮ್ಮ ಬೊರಿವಲಿಯ ಮನೆಗಳ ಹಿತ್ತಿಲಲ್ಲೇ ಹರಿದು ಸಮುದ್ರವನ್ನು ಸೇರುವುದರಿಂದ, ಮೇಲಿನ ಕೆರೆಗೂ ಕೆಳಗಿನ ಬೀದಿಗೂ ಇರುವ ಸಂಬಂಧವನ್ನು ನಾವು ಪ್ರತ್ಯಕ್ಷವಾಗಿ ಬಲ್ಲೆವು. ತುಲಸಿ ಕೆರೆಯಿರುವ ಗುಡ್ಡಸಾಲಿನ ತೆಂಕಣ ಮಗ್ಗುಲಲ್ಲಿ, ವಿಹಾರ ಮತ್ತು ತುಲಸಿ ಕೆರೆಗಳ ತರುವಾಯ, 1891ರಲ್ಲಿ ನಗರದ ನೀರಡಿಕೆಗೆಂದು ಕಟ್ಟಲ್ಪಟ್ಟ ಪೊವಾಯಿ ಕೆರೆಯ ನೀರು ಪಾನಯೋಗ್ಯವಲ್ಲವೆನಿಸಿದ್ದರೂ, ಗಾಳಗಾರರಿಗೂ ಜಲಪಕ್ಷಿಗಳಿಗೂ ಮೊಸಳೆಗಳಿಗೂ ಅದು ಇಂದಿಗೂ ಆಶ್ರಯವಾಗಿದೆ. ಅದನ್ನು ಉಳಿಸಿಕೊಡಬೇಕೆಂಬುದೇ ನಮ್ಮ ಪ್ರಾರ್ಥನೆ.

ಸುತ್ತಲ ವಸತಿಗಳ ಕೊಳಚೆನೀರು ಕೆರೆಯನ್ನು ಸೇರುತ್ತಿರುವವರೆಗೆ, ಅದರ ಸಾರವನ್ನುಂಡು ಅಂತರಗಂಗೆ ಹಬ್ಬಿ, ಬೆಳಕನ್ನು ತಡೆದು, ನೀರಿನ ಪ್ರಾಣವಾಯುವನ್ನು ಕುಂದಿಸಿ, ಕಾಟ್ಲಾ, ರೋಹು ಮೊದಲಾದ ಮೀನುಗಳ ಉಸಿರನ್ನೇ ಕಟ್ಟುವುದು ಅನಿವಾರ್ಯ. ಕೊಳಚೆಯನ್ನು ಬಿಟ್ಟು ಬರಿಯ ಕಳೆಯನ್ನು ಕೀಳಿಸುತ್ತ ಹೋಗುವುದು, ಸೋರುವ ಮಾಡಿನಡಿ ಪಾತ್ರೆ ಬದಲಿಸುತ್ತ ಕುಳಿತಂತೆಯೇ ಸರಿ. ಆದುದರಿಂದ ಕೊಳಚೆಯ ಪ್ರತಿಯೊಂದು ತೂಬನ್ನೂ ಗುರುತಿಸಿ, ಶುದ್ಧೀಕರಣ ಕೇಂದ್ರದತ್ತ ತಿರುಗಿಸುವ ಕಾರ್ಯವನ್ನು ಎಲ್ಲಕ್ಕಿಂತ ಮೊದಲು ಕೈಗೊಳ್ಳಬೇಕು.

ದಂಡೆಯ ವಿಷಯದಲ್ಲಿ ನಮ್ಮ ಕಳವಳ ಇನ್ನೂ ಹೆಚ್ಚು. ಬೇಸಗೆಯ ಆರಂಭದಲ್ಲಿ ತಾಯಿಮೊಸಳೆಯು ಸಡಿಲವಾದ ಮಣ್ಣಿನಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಕಾದಿದ್ದು, ಸುಮಾರು ಎರಡು ತಿಂಗಳ ಬಳಿಕ ಒಳಗಿಂದ ಮರಿಗಳ ದನಿ ಕೇಳಿದಾಗ ತಾನೇ ಗುಳಿಯನ್ನು ಬಗೆದು, ಅವುಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗಿಳಿಸುತ್ತದೆ. ಕಲ್ಲು ಹಾಸಿದ ದಂಡೆಯಲ್ಲಿ ಆಕೆ ಎಲ್ಲಿ ಅಗೆಯಬೇಕು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಥಮ ಅನುಸೂಚಿಯಲ್ಲಿ ಸ್ಥಾನ ಪಡೆದ ಪ್ರಾಣಿಯಿದು. ಕೆರೆಯಂಚಿನ ಸೈಕಲ್ ಪಥದ ಕಾಮಗಾರಿ ಕಾನೂನುಬಾಹಿರವೆಂದು 2022ರ ಮೇ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ತೀರ್ಪಿತ್ತದ್ದನ್ನು ತಾವು ಬಲ್ಲಿರಿ. ಆ ತೀರ್ಪಿನ ಆಶಯಕ್ಕೆ ಅನುಗುಣವಾಗಿ ದಂಡೆಯು ಎಂದೆಂದಿಗೂ ಮಣ್ಣಿನ ದಂಡೆಯಾಗಿಯೇ ಇರಬೇಕು. ಮೊಟ್ಟೆಯಿಡುವ ಕಾಲದಲ್ಲಿ ಹೂಳೆತ್ತುವ, ಕಳೆ ಕೀಳುವ ಯಂತ್ರಗಳು ಗುಳಿಗಳ ಸಮೀಪ ಸುಳಿಯಬಾರದು.

ಮೀನುಗಾರಿಕೆಯನ್ನು ನಿಷೇಧಿಸಿರೆಂದು ನಾವು ಕೇಳುತ್ತಿಲ್ಲ. ಗಾಳ ಹಿಡಿದು ಹೊತ್ತುಗಟ್ಟಲೆ ಕುಳಿತಿರುವವನೇ ನೀರಿನ ಬಣ್ಣ, ವಾಸನೆಗಳ ಬದಲಾವಣೆಯನ್ನು ಮೊದಲು ಅರಿಯುವವನು. ಅಂಥವನನ್ನು ದೂರವಿಟ್ಟರೆ ಕೆರೆಯು ತನ್ನ ಕಾವಲುಗಾರನನ್ನೇ ಕಳೆದುಕೊಳ್ಳುತ್ತದೆ. ಕದ್ದು ಬಲೆ ಬೀಸುವುದನ್ನು ಮಾತ್ರ ತಡೆದು, ಹರಿದ ನೈಲಾನ್ ಬಲೆಗಳನ್ನು ಕಾಲಕಾಲಕ್ಕೆ ತೆಗೆಸಿ, ಪಾಲಿಕೆ, ಅರಣ್ಯ ಮತ್ತು ಮತ್ಸ್ಯ ಇಲಾಖೆಗಳೂ ಗಾಳಗಾರರೂ ದಂಡೆಯ ನಿವಾಸಿಗಳೂ ಕೂಡಿದ ಒಂದು ಸಮಿತಿಯನ್ನು ತಾವು ನಿಯಮಿಸಬೇಕು. ಆ ಸಮಿತಿಯು ನೀರಿನ ಪರೀಕ್ಷೆಯ ಫಲವನ್ನು ಪ್ರತಿ ತಿಂಗಳೂ ಮರಾಠಿಯಲ್ಲಿ ಕೆರೆಯ ದಂಡೆಯಲ್ಲೇ ಪ್ರಕಟಿಸಲಿ.

ಮಳೆಗಾಲಕ್ಕೆ ಮುನ್ನ ಈ ಕುರಿತು ತಮ್ಮ ಲಿಖಿತ ಉತ್ತರವನ್ನು ದಯಪಾಲಿಸಬೇಕಾಗಿ ಕೋರುವ,

ತಮ್ಮ ವಿಶ್ವಾಸಿಗಳು,
ಬೊರಿವಲಿಯ ಕನ್ನಡಿಗ ನಾಗರಿಕರು