ದೋಷ ವಾದ್ಯದ್ದೋ, ಯಂತ್ರದ್ದೋ?

ವಿದ್ಯುತ್ ವಾದ್ಯಗಳ ಜಾಹೀರಾತುಗಳಲ್ಲಿ ‘ಹೆಚ್ಚಿನ ಔಟ್‌ಪುಟ್’ ಎಂಬುದು ಒಂದು ಹಿರಿಮೆಯೆಂಬಂತೆ ಬಳಕೆಗೆ ಬಂದಿದೆ. ಪ್ರಬಲವಾದ ಸಂಕೇತವನ್ನು ಹೊರಡಿಸುವ ವಾದ್ಯವೇ ಶ್ರೇಷ್ಠವೆಂದು ನಂಬಿ ಬೇಸ್ ಗಿಟಾರನ್ನು ಕೊಂಡ ತರುಣನೊಬ್ಬನು ಅದನ್ನು ಆಂಪ್ಲಿಫೈಯರಿಗೆ, ಅಂದರೆ ವರ್ಧಕಕ್ಕೆ, ಜೋಡಿಸಿ ತಂತಿಯನ್ನು ಮೀಟುತ್ತಾನೆ. ಗಂಭೀರವಾದ ಮಂದ್ರನಾದಕ್ಕೆ ಬದಲಾಗಿ ಒಡಕು ದನಿ ಕೇಳಿಬರುತ್ತದೆ. ವಾದ್ಯವನ್ನು ಮಾರಿದವನು ವರ್ಧಕವನ್ನು ದೂರುತ್ತಾನೆ; ವರ್ಧಕವನ್ನು ಮಾರಿದವನು ವಾದ್ಯವನ್ನು ದೂರುತ್ತಾನೆ. ಇಬ್ಬರ ಮಾತನ್ನೂ ಕೇಳಿದವನು ಇನ್ನೊಂದು ಯಂತ್ರಕ್ಕೆ ಹಣ ಸುರಿಯುತ್ತಾನೆ. ಬಹುಪಾಲು ಸಂದರ್ಭಗಳಲ್ಲಿ ದೋಷವು ವಾದ್ಯದಲ್ಲಿಯೂ ಇರುವುದಿಲ್ಲ, ಯಂತ್ರದಲ್ಲಿಯೂ ಇರುವುದಿಲ್ಲ. ಅವೆರಡನ್ನು ಕೂಡಿಸಿದ ಕ್ರಮದಲ್ಲಿರುತ್ತದೆ. ಇದನ್ನು ತಿಳಿಯಲು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಸಾಕು.

ಬೇಸ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನವಿದೆ. ಅದು ಆಯಸ್ಕಾಂತ ಮತ್ತು ಸಾವಿರಾರು ಸುತ್ತುಗಳ ತಂತಿಯ ಸುರುಳಿ ಸೇರಿ ಆದುದು. ಮೇಲಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹವು ಬದಲಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಣೆಯ ನಿಯಮದಂತೆ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ನಾಲ್ಕು ತಂತಿಯ ವಾದ್ಯದ ಅತ್ಯಂತ ಕೆಳಗಿನ ಸ್ವರದ ಆವೃತ್ತಿ ಸೆಕೆಂಡಿಗೆ ಸುಮಾರು 41. ಬಿಡಿಯಾಗಿ ಮೀಟಿದ ಮೇಲಿನ ತಂತಿಯದು 98. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ವಾದ್ಯವು ಇಂಥದು. ಬ್ಯಾಟರಿಯ ಹಂಗಿಲ್ಲದ ಈ ಬಗೆಗೆ ‘ಪ್ಯಾಸಿವ್’ ಎಂದು ಹೆಸರು.

1970ರ ದಶಕದಲ್ಲಿ ವಾದ್ಯದೊಳಗೇ ಚಿಕ್ಕದೊಂದು ಪೂರ್ವವರ್ಧಕವನ್ನು ಅಳವಡಿಸುವ ಪದ್ಧತಿ ಬೆಳೆಯಿತು. 1976ರಲ್ಲಿ ಹೊರಬಂದ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ಸ್ಟಿಂಗ್‌ರೇ ಇವುಗಳಲ್ಲಿ ಪ್ರಸಿದ್ಧವಾದುದು. ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಈ ‘ಆಕ್ಟಿವ್’ ವಾದ್ಯಗಳಿಂದ ಎರಡು ಪ್ರಯೋಜನಗಳಿವೆ. ಹೊರಗೆ ಬರುವ ಸಂಕೇತದ ಮೂಲರೋಧವು ಕಡಿಮೆಯಾದುದರಿಂದ ಉದ್ದವಾದ ಕೇಬಲ್ಲಿನಲ್ಲಿ ಹರಿದರೂ ಅದರ ತಾರಾಂಶ ಸವೆಯುವುದಿಲ್ಲ. ಅಲ್ಲದೆ ಮಂದ್ರ ಮತ್ತು ತಾರ ಭಾಗಗಳನ್ನು ವಾದಕನು ವಾದ್ಯದಲ್ಲಿಯೇ ಹಿಗ್ಗಿಸಬಹುದು. ಆದರೆ ಮಂದ್ರವನ್ನು 12 ಡೆಸಿಬೆಲ್ ಹಿಗ್ಗಿಸುವುದೆಂದರೆ ಆ ಭಾಗದ ವೋಲ್ಟೇಜನ್ನು ನಾಲ್ಕು ಪಟ್ಟು ಮಾಡುವುದೆಂದು ಅರ್ಥ. ಗುಂಡಿಯನ್ನು ತಿರುಗಿಸುವ ಬೆರಳಿಗೆ ಈ ಲೆಕ್ಕ ತಿಳಿಯದು.

ಈಗ ವರ್ಧಕದತ್ತ ತಿರುಗೋಣ. ಅದು ಒಂದೇ ಯಂತ್ರವಲ್ಲ. ಒಂದರ ಹಿಂದೊಂದು ನಿಂತ ಹಲವು ಹಂತಗಳ ಸಾಲು. ಪ್ರತಿಯೊಂದು ಹಂತಕ್ಕೂ ತಾನು ಕೊಡಬಲ್ಲ ವೋಲ್ಟೇಜಿಗೆ ಒಂದು ಮೇಲ್ಮಿತಿಯುಂಟು. ಉದಾಹರಣೆಗಾಗಿ, ಮೊದಲ ಹಂತವು ಸಂಕೇತವನ್ನು 20 ಪಟ್ಟು ವರ್ಧಿಸುತ್ತದೆ, ಆದರೆ 10 ವೋಲ್ಟಿಗಿಂತ ಹೆಚ್ಚು ಕೊಡಲಾರದು ಎಂದಿಟ್ಟುಕೊಳ್ಳೋಣ. ಒಳಬಂದ ಸಂಕೇತದ ಶಿಖರವು 0.2 ವೋಲ್ಟಾದರೆ ಹೊರಬರುವುದು 4 ವೋಲ್ಟು; ತೊಂದರೆಯಿಲ್ಲ. ಪ್ರಬಲವಾದ ವಾದ್ಯವು 2 ವೋಲ್ಟನ್ನು ಕಳುಹಿಸಿದರೆ 40 ವೋಲ್ಟು ಬರಬೇಕು, ಅದು ಅಸಾಧ್ಯ. ತರಂಗದ ಶಿಖರಗಳೂ ಕಣಿವೆಗಳೂ ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಹೀಗೆ ಚಪ್ಪಟೆಯಾದ ತರಂಗದಲ್ಲಿ ಮೂಲ ಆವೃತ್ತಿಯ 3 ಪಟ್ಟು, 5 ಪಟ್ಟು ಆವೃತ್ತಿಯ ಉಪಸ್ವರಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ. ಒಡಕು ದನಿಯೆಂದು ನಾವು ಕೇಳುವುದು ಇವುಗಳನ್ನೇ.

ಇಲ್ಲಿ ಮುಖ್ಯವಾದ ಅಂಶವೊಂದಿದೆ. ಮೊದಲ ಹಂತದಲ್ಲಿ ಕತ್ತರಿಸಿಹೋದ ಶಿಖರವನ್ನು ಮುಂದಿನ ಯಾವ ಹಂತವೂ ಮರಳಿ ಕಟ್ಟಿಕೊಡಲಾರದು. ಕೊನೆಯ ಹಂತದ ಸಾಮರ್ಥ್ಯ 300 ವ್ಯಾಟಾಗಿದ್ದರೂ ಅದು ಚಪ್ಪಟೆಯಾದ ತರಂಗವನ್ನೇ ಇನ್ನಷ್ಟು ದೊಡ್ಡದಾಗಿಸುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದುದರಿಂದ ಚಿಕಿತ್ಸೆ ನಡೆಯಬೇಕಾದುದು ಮೊದಲ ಬಾಗಿಲಲ್ಲಿ.

ಅನೇಕ ವರ್ಧಕಗಳಲ್ಲಿ ಇದಕ್ಕೆಂದೇ ಪ್ಯಾಡ್ ಎಂಬ ಸ್ವಿಚ್ಚಾಗಲಿ, ಪ್ರತ್ಯೇಕವಾದ ಕಿಂಡಿಯಾಗಲಿ ಇರುತ್ತದೆ. ಅದು ಸಂಕೇತವನ್ನು ಕೆಲವು ಯಂತ್ರಗಳಲ್ಲಿ 10, ಕೆಲವುಗಳಲ್ಲಿ 15 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ನಮ್ಮ ಉದಾಹರಣೆಯ 2 ವೋಲ್ಟು 15 ಡೆಸಿಬೆಲ್ ತಗ್ಗಿದಾಗ ಸುಮಾರು 0.36 ವೋಲ್ಟಾಗುತ್ತದೆ, 20 ಪಟ್ಟು ವರ್ಧಿಸಿದರೂ ಅದು ಮಿತಿಯೊಳಗಿರುತ್ತದೆ. 10 ಡೆಸಿಬೆಲ್ ಮಾತ್ರ ತಗ್ಗಿಸಿದರೆ 0.63 ವೋಲ್ಟು ಉಳಿದು ಒಡಕು ಪೂರ್ತಿಯಾಗಿ ಹೋಗದು. ಆಗ ವಾದ್ಯದ ಗುಂಡಿಯನ್ನೂ ತುಸು ಇಳಿಸಬೇಕು. ಗೇನ್ ಗುಂಡಿಯೊಂದನ್ನೇ ನಂಬುವಂತಿಲ್ಲ. ಕೆಲವು ಯಂತ್ರಗಳಲ್ಲಿ ಅದು ಮೊದಲ ಹಂತದ ಅನಂತರ ಇರುವುದರಿಂದ ಆಗಿಹೋದ ಕೇಡನ್ನು ತಡೆಯಲಾರದು.

ಈ ಕಿಂಡಿಗಳಿಗೆ ‘ಆಕ್ಟಿವ್’, ‘ಪ್ಯಾಸಿವ್’ ಎಂದು ಹೆಸರಿಡುವ ರೂಢಿಯು ದಾರಿತಪ್ಪಿಸುವಂಥದೆಂದು ನನ್ನ ಅಭಿಪ್ರಾಯ. ಬ್ಯಾಟರಿಯಿಲ್ಲದ ಕೆಲವು ವಾದ್ಯಗಳು ಪ್ರಬಲವಾದ ಸಂಕೇತವನ್ನು ಕೊಡುತ್ತವೆ. ಬ್ಯಾಟರಿಯುಳ್ಳ ಕೆಲವು ಸೌಮ್ಯವಾಗಿರುತ್ತವೆ. ನಿರ್ಣಾಯಕವಾದುದು ವಾದ್ಯದ ಜಾತಿಯಲ್ಲ, ಸಂಕೇತದ ವೋಲ್ಟೇಜು. ಕಿಂಡಿಗಳ ಮೇಲೆ ತಗ್ಗಿಸುವ ಡೆಸಿಬೆಲ್ಲನ್ನೇ ಬರೆದರೆ ಎಷ್ಟೋ ಗೊಂದಲ ತಪ್ಪುತ್ತದೆ.

ದೋಷದ ನೆಲೆಯನ್ನು ಕಂಡುಹಿಡಿಯಲು ಉಪಕರಣಗಳೇನೂ ಬೇಕಾಗಿಲ್ಲ. ಮಾಸ್ಟರ್ ಗುಂಡಿಯನ್ನು ಬಹಳ ಕೆಳಗಿಳಿಸಿ ತಂತಿಯನ್ನು ಬಲವಾಗಿ ಮೀಟಬೇಕು. ಒಡಕು ಮಾಯವಾದರೆ ತೊಂದರೆ ಕೊನೆಯ ಹಂತದಲ್ಲಿ ಅಥವಾ ಸ್ಪೀಕರಿನಲ್ಲಿದೆ. ಉಳಿದರೆ ಅದಕ್ಕೂ ಹಿಂದೆ ಇದೆ. ಆಗ ಪ್ಯಾಡನ್ನು ಹಾಕಿ ನೋಡಬೇಕು. ಈಗಲೂ ಒಡಕು ಉಳಿದರೆ ವಾದ್ಯದ ಪೂರ್ವವರ್ಧಕವನ್ನೇ ಶಂಕಿಸಬೇಕು. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಮಂಡಲದಲ್ಲಿ ತರಂಗವು ಮಧ್ಯಬಿಂದುವಿನಿಂದ ಎರಡೂ ಕಡೆಗೆ 4.5 ವೋಲ್ಟಿನೊಳಗೇ ಆಡಬೇಕು. ಬ್ಯಾಟರಿ ಇಳಿದಂತೆ ಈ ಅವಕಾಶವೂ ಕುಗ್ಗಿ, ಶಿಖರಗಳು ವಾದ್ಯದೊಳಗೇ ಕತ್ತರಿಸಿಹೋಗುತ್ತವೆ. ಅದಕ್ಕೆ ವರ್ಧಕದ ಯಾವ ಗುಂಡಿಯೂ ಮದ್ದಲ್ಲ. ಹೊಸ ಬ್ಯಾಟರಿ ಮದ್ದು.

ಈ ವಾದಕ್ಕೆ ಆಕ್ಷೇಪಗಳಿಲ್ಲದಿಲ್ಲ. ವಾದ್ಯದ ಗುಂಡಿಯನ್ನು ಇಳಿಸಿದರೆ ದನಿ ಮಂಕಾಗುವುದೆಂದು ಹಳಬರು ಹೇಳುತ್ತಾರೆ. ಪ್ಯಾಸಿವ್ ವಾದ್ಯಗಳಲ್ಲಿ ಇದು ಎಷ್ಟೋಮಟ್ಟಿಗೆ ನಿಜ. ಅಲ್ಲಿ ಗುಂಡಿಯ ರೋಧವೂ ಕೇಬಲ್ಲಿನ ಧಾರಣಶಕ್ತಿಯೂ ಸೇರಿ ತಾರಾಂಶವನ್ನು ನುಂಗುತ್ತವೆ. ಆಕ್ಟಿವ್ ವಾದ್ಯದಲ್ಲಿ ಈ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಅತಿಯಾಗಿ ತಗ್ಗಿಸಿದರೆ ಹಿಸ್ಸೆನ್ನುವ ಸದ್ದು ಮೇಲೇಳುವುದೆಂಬುದು ಎರಡನೆಯ ಆಕ್ಷೇಪ. ಇದು ಸರಿಯಾದ ಎಚ್ಚರಿಕೆ. ಬಲವಾದ ಮೀಟಿಗೂ ಒಡೆಯದಂತೆ, ಆದರೆ ಆ ಮಿತಿಯಿಂದ ಬಹಳ ದೂರವೂ ಸರಿಯದಂತೆ ಸಂಕೇತವನ್ನು ಇಡಬೇಕು. ಒಡಕು ದನಿಯೇ ಬೇಕೆನ್ನುವ ಸಂಗೀತವೂ ಇದೆಯಲ್ಲವೆಂಬುದು ಮೂರನೆಯದು. ಉಂಟು; 1965ರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ತನ್ನ ಬೇಸ್ ದನಿಯನ್ನು ಬೇಕೆಂದೇ ಫಝ್ ಎಂಬ ಸಾಧನದಿಂದ ಒಡೆದು ಧ್ವನಿಮುದ್ರಿಸಿದನು. ಆದರೆ ಬೇಕೆಂದು ಮಾಡಿದುದಕ್ಕೂ ತಿಳಿಯದೆ ಆದುದಕ್ಕೂ ಅಂತರವಿದೆ. ನಿರ್ಮಲವಾದ ನಾದವನ್ನು ಹೊರಡಿಸಬಲ್ಲವನಿಗೆ ಮಾತ್ರ ಒಡಕು ಒಂದು ಆಯ್ಕೆಯಾಗುತ್ತದೆ.

ನಷ್ಟವು ಕಿವಿಗೆ ಮಾತ್ರ ಸೀಮಿತವಲ್ಲ. ಪೂರ್ಣವಾಗಿ ಚೌಕವಾದ ತರಂಗವು ಅಷ್ಟೇ ಶಿಖರವುಳ್ಳ ಸೈನ್ ತರಂಗದ ಎರಡು ಪಟ್ಟು ಸಾಮರ್ಥ್ಯವನ್ನು ಸ್ಪೀಕರಿಗೆ ಕೊಡುತ್ತದೆ. ಆ ಶಾಖವನ್ನು ತಾಳಲಾರದೆ ಸುರುಳಿ ಸುಟ್ಟರೆ, ಉಳಿತಾಯದ ಹಣದಿಂದ ಯಂತ್ರ ಕೊಂಡ ವಿದ್ಯಾರ್ಥಿಗೆ ಅದು ಸಣ್ಣ ಪೆಟ್ಟಲ್ಲ.

ಕಾಲೇಜುಗಳ ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಆಸಿಲೋಸ್ಕೋಪ್ ಇರುತ್ತದೆ. ವಾದ್ಯ ನುಡಿಸುವ ವಿದ್ಯಾರ್ಥಿಗಳೂ ಆ ಕಾಲೇಜುಗಳಲ್ಲಿಯೇ ಇರುತ್ತಾರೆ. ಅಧ್ಯಾಪಕರ ಅನುಮತಿ ಪಡೆದು, ವರ್ಧಕವನ್ನು ಬದಿಗಿಟ್ಟು, ವಾದ್ಯವನ್ನಷ್ಟೇ ಅದಕ್ಕೆ ಜೋಡಿಸಿ, ಮೊದಲು ಮೆಲ್ಲಗೆ, ಅನಂತರ ಬಲವಾಗಿ ಮೀಟಿ, ಎರಡು ಶಿಖರಗಳನ್ನೂ ಅಳೆದು ಬರೆದುಕೊಳ್ಳಲಿ. ಬ್ಯಾಟರಿ ಹಳತಾದಾಗ ಇನ್ನೊಮ್ಮೆ ಅಳೆಯಲಿ. ಇನ್ನೊಂದು ಯಂತ್ರವನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆಗೆ ಅಂಗಡಿಯವರ ಮಾತಿಗಿಂತ ಆ ಮೂರು ಅಂಕಿಗಳು ಹೆಚ್ಚು ನಂಬಲರ್ಹವಾದ ಉತ್ತರವನ್ನು ಕೊಡುತ್ತವೆ.